ಶರಣಾಗತರಕ್ಷಣೆಯ ವೀರವನಿತೆ: ಕೆಳದಿಯ ರಾಣಿ ಚೆನ್ನಮ್ಮಾಜಿ

ಪುಣೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಸಿಂಹಗಡವನ್ನು ಕಾಣದವರು ವಿರಳ. ಮಳೆಗಾಲ ಬಂತೆಂದರೆ ಮಕ್ಕಳುಮರಿಗಳೊಂದಿಗೆ ಬೆಟ್ಟವನ್ನೇರಿ, ತಾನಾಜಿ ಮಾಲುಸರೆಯ ಸ್ಮಾರಕಕ್ಕೆ ಕೈಮುಗಿದು, ಪಿಠಲೆ ಭಾಕರಿಯನ್ನೂ ಮಡಕೆಯ ಮೊಸರನ್ನೂ ಸವಿದು ಇಳಿದು ಬರುವುದು ವಾಡಿಕೆಯೇ ಆಗಿದೆ. ಅದೇ ಕೋಟೆಯೊಳಗೆ ಇನ್ನೊಂದು ಸಮಾಧಿಮಂದಿರವಿದೆ. ಅತ್ತ ಹೋಗಿ ಕ್ಷಣಕಾಲ ನಿಲ್ಲುವವರು ಕಡಮೆ. ಛತ್ರಪತಿ ಶಿವಾಜಿ ಮಹಾರಾಜರ ಕಿರಿಯ ಪುತ್ರನಾದ ರಾಜಾರಾಮನು ೧೭೦೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಕೇವಲ ಮೂವತ್ತು ವರ್ಷಗಳ ಪ್ರಾಯದಲ್ಲಿ, ಈ ಗಡದ ಮೇಲೆಯೇ ದೇಹವನ್ನಿಟ್ಟನು. ಆತನ ಜನನವಾದದ್ದು ೧೬೭೦ರ ಫೆಬ್ರವರಿಯಲ್ಲಿ. ತಾನಾಜಿಯು ತನ್ನ ಪ್ರಾಣವನ್ನು ತೆತ್ತು ಈ ಕೋಟೆಯನ್ನು ಗೆದ್ದುಕೊಟ್ಟದ್ದೂ ಅದೇ ತಿಂಗಳಲ್ಲಿ.

ಆ ಸಮಾಧಿಯ ಮುಂದೆ ನಿಂತಾಗ ಕನ್ನಡಿಗರಾದ ನಮಗೆ ಅವಶ್ಯವಾಗಿ ನೆನಪಿಗೆ ಬರಬೇಕಾದ ಒಬ್ಬ ತಾಯಿಯಿದ್ದಾಳೆ. ಆತನು ಸಿಂಹಗಡದಲ್ಲಿ ಕಣ್ಮುಚ್ಚುವುದಕ್ಕೆ ಹನ್ನೊಂದು ವರ್ಷಗಳ ಹಿಂದೆ, ಇಡೀ ಭರತಖಂಡದಲ್ಲಿ ಆತನಿಗೆ ನಿಲ್ಲಲು ನೆಲೆಯೇ ದುರ್ಲಭವಾಗಿದ್ದ ಕಾಲದಲ್ಲಿ, ತನ್ನ ರಾಜ್ಯವನ್ನೇ ಪಣವಾಗಿಟ್ಟು ಬಾಗಿಲು ತೆರೆದವಳು ಆಕೆ. ಅವಳೇ ಕೆಳದಿಯ ರಾಣಿ ಚೆನ್ನಮ್ಮಾಜಿ.

ಚೆನ್ನಮ್ಮ ಎಂದೊಡನೆ ನಮ್ಮ ಮಕ್ಕಳಿಗೆ ಹೊಳೆಯುವುದು ಕಿತ್ತೂರಿನ ರಾಣಿ. ಬೆಂಗಳೂರಿನಿಂದ ಮೀರಜಿನತ್ತ ಓಡುವ ರೈಲುಗಾಡಿಯೂ ಆಕೆಯ ಹೆಸರನ್ನೇ ಹೊತ್ತಿದೆ. ೧೮೨೪ರಲ್ಲಿ ಆಂಗ್ಲ ಕಂಪನಿ ಸರಕಾರವನ್ನು ಎದುರಿಸಿದ ಆ ವೀರರಾಣಿಯ ಕೀರ್ತಿ ಯುಕ್ತವಾದದ್ದೇ. ಆದರೆ ಕೆಳದಿಯ ಚೆನ್ನಮ್ಮಾಜಿಯು ಆಕೆಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನವಳು. ಇಬ್ಬರನ್ನೂ ಒಬ್ಬಳೆಂದೇ ತಿಳಿಯುವ ಪ್ರಮಾದವು ಸುಶಿಕ್ಷಿತರಲ್ಲಿಯೂ ಕಂಡುಬರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು.

ಕೆಳದಿಯ ಸಂಸ್ಥಾನ

ವಿಜಯನಗರದ ಅರಸರ ಕಾಲದಲ್ಲಿ ಮಲೆನಾಡಿನಲ್ಲಿ ತಲೆಯೆತ್ತಿದ ನಾಯಕ ಮನೆತನ ಕೆಳದಿಯದು. ಇಂದಿನ ಸಾಗರ ತಾಲೂಕಿನ ಕೆಳದಿ ಇವರ ಮೂಲಸ್ಥಾನ. ಅನಂತರ ಇಕ್ಕೇರಿ, ೧೬೩೯ರಿಂದ ಬಿದನೂರು ರಾಜಧಾನಿಯಾದವು. ಇವರು ವೀರಶೈವ ಮತಾವಲಂಬಿಗಳು. ಆದರೂ ಅನ್ಯಮತದ ಮಠಮಂದಿರಗಳಿಗೆ ದಾನದತ್ತಿಗಳನ್ನಿತ್ತು ಪೋಷಿಸಿದವರು. ಘಟ್ಟದ ಕೆಳಗಿನ ತುಳುನಾಡೂ ಬಹುಕಾಲ ಇವರ ಆಳಿಕೆಯಲ್ಲಿತ್ತು. ಆದ್ದರಿಂದ ಉಡುಪಿಯ ಸೀಮೆಯಿಂದ ಬಂದ ನಮ್ಮ ಕುಟುಂಬಗಳ ಪೂರ್ವಜರಲ್ಲಿ ಹಲವರು ಕೆಳದಿಯ ಪ್ರಜೆಗಳೇ ಆಗಿದ್ದರು ಎನ್ನಬಹುದು.

ಈ ವಂಶದಲ್ಲಿ ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರು ಪ್ರಸಿದ್ಧವಾದುದು. ಭೂಮಿಯ ಗುಣ, ಬೆಳೆಯ ಪ್ರಮಾಣಗಳನ್ನು ಪರೀಕ್ಷಿಸಿ ಆತನು ಗೊತ್ತುಮಾಡಿದ ಕಂದಾಯದ ಏರ್ಪಾಡಿಗೆ ಶಿಸ್ತು ಎಂಬ ಹೆಸರು ಇಂದಿಗೂ ನಿಂತಿದೆ. ಘಟ್ಟದ ಮೇಲಿನ ಮೆಣಸು, ಕೆಳಗಿನ ಅಕ್ಕಿ, ಹೊನ್ನಾವರದಿಂದ ಮಂಗಳೂರಿನವರೆಗಿನ ರೇವುಗಳ ವ್ಯಾಪಾರ, ಇವುಗಳಿಂದ ಬೊಕ್ಕಸವು ತುಂಬಿತ್ತು. ಇಕ್ಕೇರಿಯ ವರಹವೆಂದರೆ ಪರರಾಜ್ಯಗಳಲ್ಲಿಯೂ ಪ್ರಶ್ನಿಸದೆ ಸ್ವೀಕರಿಸುವ ಚಿನ್ನದ ನಾಣ್ಯವಾಗಿತ್ತು. ತುಂಬಿದ ಬೊಕ್ಕಸವು ಸುತ್ತಲಿನವರ ಕಣ್ಣಿಗೆ ಬೀಳುವುದೂ ಸಹಜವೇ ಸರಿ.

ಶಿವಪ್ಪ ನಾಯಕನ ಕಿರಿಯ ಮಗ ಸೋಮಶೇಖರ ನಾಯಕನು ೧೬೬೪ರಲ್ಲಿ ಪಟ್ಟವೇರಿದನು. ಚೆನ್ನಮ್ಮನು ಸಿದ್ದಪ್ಪಶೆಟ್ಟಿ ಎಂಬ ವರ್ತಕನ ಮಗಳು, ರಾಜಮನೆತನದವಳಲ್ಲ. ರಾಮೇಶ್ವರನ ಜಾತ್ರೆಯಲ್ಲಿ ಆಕೆಯನ್ನು ಕಂಡ ಅರಸನು ಮೆಚ್ಚಿ ವಿವಾಹವಾದನೆಂದು ಕೆಳದಿಯ ಪರಂಪರೆ ಹೇಳುತ್ತದೆ. ವರ್ತಕರ ಮನೆಯಲ್ಲಿ ಬೆಳೆದ ಆ ಕನ್ಯೆ ಲೆಕ್ಕಾಚಾರವನ್ನೂ ಜನರ ಸ್ವಭಾವವನ್ನೂ ಬಲ್ಲವಳಾಗಿದ್ದಳೆಂಬುದಕ್ಕೆ ಆಕೆಯ ಮುಂದಿನ ಆಳಿಕೆಯೇ ಸಾಕ್ಷಿ.

ಮೊದಲ ಅಗ್ನಿಪರೀಕ್ಷೆ

ದಾಂಪತ್ಯದ ಸುಖವು ಬಹುಕಾಲ ಉಳಿಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಲಿಂಗಣ್ಣ ಕವಿಯು ರಚಿಸಿದ ಕೆಳದಿನೃಪವಿಜಯವೆಂಬ ಚಂಪೂಕಾವ್ಯವೂ ಸ್ಥಳೀಯ ಪರಂಪರೆಯೂ ಅರಸನು ಒಬ್ಬ ನರ್ತಕಿಯ ಮೋಹಕ್ಕೆ ಸಿಲುಕಿ, ಮದ್ದುಗಳ ಸೇವನೆಯಿಂದ ಬುದ್ಧಿಭ್ರಮಣೆ ಹೊಂದಿದ ಶೋಕಕಥೆಯನ್ನು ಹೇಳುತ್ತವೆ. ಸಂತಾನವಿಲ್ಲ, ಅರಸನಿಗೆ ರಾಜ್ಯದ ಪರಿವೆಯಿಲ್ಲ, ಅಧಿಕಾರಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಹಂಚಿಕೆ. ಪತಿಯು ಅರಮನೆಯನ್ನು ಬಿಟ್ಟು ನಡೆದಾಗ ರಾಣಿಯು ಕಣ್ಣೀರಿನಲ್ಲಿ ಮುಳುಗಿ ಕುಳಿತುಕೊಳ್ಳಲಿಲ್ಲ. ತಾನೇ ರಾಜಕಾರ್ಯಗಳನ್ನು ನೋಡಿಕೊಳ್ಳತೊಡಗಿದಳು. ವಿಜಾಪುರದ ಆದಿಲಶಾಹಿಯು ಇದೇ ಸಮಯವೆಂದು ಬಗೆದು ಸೇನೆಯನ್ನು ಕಳುಹಿಸಿತು. ಈ ಗೊಂದಲದ ನಡುವೆಯೇ, ೧೬೭೧ರ ಸುಮಾರಿಗೆ, ಸೋಮಶೇಖರ ನಾಯಕನು ಒಳಸಂಚುಗಾರರ ಕೈಯಿಂದ ಹತನಾದನು.

ಪತಿಯ ಮರಣ, ಮನೆಯೊಳಗಿನ ದ್ರೋಹ, ಬಾಗಿಲಿಗೆ ಬಂದ ಶತ್ರುಸೇನೆ. ಇವು ಮೂರೂ ಒಮ್ಮೆಲೇ ಎರಗಿದಾಗ ಚೆನ್ನಮ್ಮಾಜಿ ಕೈಗೊಂಡ ನಿರ್ಧಾರವು ವಿಚಾರಯೋಗ್ಯವಾದುದು. ಬಿದನೂರಿನ ಕೋಟೆಯೊಳಗೆ ನಿಂತು ವೀರಮರಣವನ್ನು ಅಪ್ಪುವುದು ಸುಲಭವಾದ ದಾರಿಯಾಗಿತ್ತು; ಅದನ್ನು ಹೊಗಳಲು ಕವಿಗಳೂ ದೊರೆಯುತ್ತಿದ್ದರು. ಆದರೆ ಆಕೆ ಬೊಕ್ಕಸವನ್ನೂ ನಂಬಿಗಸ್ತರಾದ ಪರಿವಾರವನ್ನೂ ಕರೆದುಕೊಂಡು, ದಟ್ಟವಾದ ಕಾಡಿನ ನಡುವೆ ಎತ್ತರದಲ್ಲಿರುವ ಭುವನಗಿರಿದುರ್ಗಕ್ಕೆ ಹೊರಟಳು. ತೀರ್ಥಹಳ್ಳಿಯ ಸಮೀಪದ ಆ ದುರ್ಗವನ್ನೇ ಇಂದು ನಾವು ಕವಲೇದುರ್ಗವೆಂದು ಕರೆಯುತ್ತೇವೆ. ವಿಜಾಪುರದ ಸೇನೆ ಬಿದನೂರಿಗೆ ನುಗ್ಗಿದಾಗ ಅಲ್ಲಿ ಅದಕ್ಕೆ ದೊರೆತದ್ದು ಬರಿದಾದ ಅರಮನೆ ಮಾತ್ರ.

ಕೋಟೆಯೆಂದರೆ ಕಲ್ಲಿನ ಗೋಡೆ. ರಾಜ್ಯವೆಂದರೆ ಪ್ರಜೆ, ಕೋಶ, ಸೇನೆ, ಮಿತ್ರರು. ನಮ್ಮ ನೀತಿಶಾಸ್ತ್ರಗಳು ಹೇಳುವ ರಾಜ್ಯದ ಸಪ್ತಾಂಗಗಳಲ್ಲಿ ದುರ್ಗವು ಒಂದು ಅಂಗವಷ್ಟೆ. ಉಳಿದ ಅಂಗಗಳನ್ನು ಉಳಿಸಿಕೊಂಡರೆ ಕಳೆದುಹೋದ ದುರ್ಗವನ್ನು ಮತ್ತೆ ಪಡೆಯಬಹುದೆಂಬುದನ್ನು ಆಕೆ ಅರಿತಿದ್ದಳು. ಹಾಗೆಯೇ ಆಯಿತು. ತಿಮ್ಮಣ್ಣ ನಾಯಕನೇ ಮೊದಲಾದವರು ಸೇನೆಯನ್ನು ಕೂಡಿಸಿದರು. ಕಾಡಿನ ಇಕ್ಕಟ್ಟಾದ ಹಾದಿಗಳಲ್ಲಿ ಕುದುರೆ, ಫಿರಂಗಿಗಳೊಡನೆ ತೊಡಕಿಕೊಂಡ ವಿಜಾಪುರದವರು ಹಿಮ್ಮೆಟ್ಟಬೇಕಾಯಿತು. ಭುವನಗಿರಿಯಲ್ಲಿಯೇ ಪಟ್ಟಾಭಿಷಿಕ್ತಳಾದ ರಾಣಿಯು ಬಿದನೂರನ್ನು ಮರಳಿ ಪಡೆದು, ಪತಿಗೆ ದ್ರೋಹಗೈದವರನ್ನು ದಂಡಿಸಿದಳು.

ಇಪ್ಪತ್ತೈದು ವರ್ಷಗಳ ಆಳಿಕೆ

ವಿಧವೆಯೊಬ್ಬಳು ಸಿಂಹಾಸನದಲ್ಲಿರುವುದನ್ನು ಕಂಡು ನೆರೆಯವರು ಸುಮ್ಮನಿರಲಿಲ್ಲ. ಶ್ರೀ ವಾದಿರಾಜರ ಸನ್ನಿಧಾನದಿಂದ ನಮಗೆಲ್ಲರಿಗೂ ಪರಿಚಿತವಾದ ಸೋದೆಯ ಅರಸರು ಒಂದು ಕಡೆ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬಲಿಷ್ಠವಾಗುತ್ತಿದ್ದ ಮೈಸೂರು ಇನ್ನೊಂದು ಕಡೆ. ಗಡಿಯ ಕಲಹಗಳು ಮೇಲಿಂದ ಮೇಲೆ ನಡೆದವು. ಗೆಲವೂ ಇತ್ತು, ನಷ್ಟವೂ ಇತ್ತು. ಮೈಸೂರಿನೊಡನೆ ಕಡೆಗೆ ಸಂಧಿಯೂ ಆಯಿತು. ಹುಲಿಕೆರೆಯ ಕೋಟೆಯನ್ನು ಬಲಪಡಿಸಿ ಆಕೆ ಅದಕ್ಕೆ ತನ್ನ ಹೆಸರನ್ನಿಟ್ಟಳೆಂದು ಪ್ರತೀತಿ. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಯೇ ಆ ಊರು.

ಪರದೇಶೀಯರೊಡನೆಯೂ ಆಕೆ ನಿಪುಣತೆಯಿಂದ ವರ್ತಿಸಿದಳು. ೧೬೭೮ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಮೆಣಸು ಮತ್ತು ಅಕ್ಕಿಯ ವ್ಯಾಪಾರಕ್ಕೆ ಅನುಮತಿಯಿತ್ತು, ಮಿರ್ಜಾನ, ಚಂದಾವರ, ಕಲ್ಯಾಣಪುರ ಮೊದಲಾದ ಕಡೆಗಳಲ್ಲಿ ಅವರು ಇಗರ್ಜಿಗಳನ್ನು ಕಟ್ಟಿಕೊಳ್ಳಲು ಆಕೆ ಸಮ್ಮತಿಸಿದಳು. ಸಂತಾನವಿಲ್ಲದ ಕಾರಣ ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ವಿದ್ಯಾಬುದ್ಧಿಗಳನ್ನು ಕಲಿಸಿದಳು. ಯುದ್ಧದ ಬಿಡುವುಗಳಲ್ಲಿ ಬಾಲಕನಿಗೆ ದೊರೆತ ಆ ಶಿಕ್ಷಣದ ಫಲವನ್ನು ಮುಂದೆ ಹೇಳುವೆವು.

೧೬೮೯: ಇನ್ನೊಂದು ಪರೀಕ್ಷೆ

ಈಗ ನಾವು ಪುಣೆಯ ಸೀಮೆಗೆ ಮರಳಬೇಕು. ಔರಂಗಜೇಬನು ೧೬೮೬ರಲ್ಲಿ ವಿಜಾಪುರವನ್ನೂ ೧೬೮೭ರಲ್ಲಿ ಗೋಲ್ಕೊಂಡವನ್ನೂ ನುಂಗಿದ್ದನು. ೧೬೮೯ರ ಆರಂಭದಲ್ಲಿ ಸಂಗಮೇಶ್ವರದಲ್ಲಿ ಛತ್ರಪತಿ ಸಂಭಾಜಿಯು ಸೆರೆಸಿಕ್ಕನು. ಮಾರ್ಚ್ ೧೧ರಂದು ಘೋರವಾದ ಹಿಂಸೆಗೆ ಗುರಿಯಾಗಿ ಆತನು ಪ್ರಾಣವನ್ನು ನೀಗಿದ ಸ್ಥಳವು, ಪುಣೆಗೆ ಸಮೀಪದಲ್ಲಿ ಭೀಮಾ ಇಂದ್ರಾಯಣಿ ನದಿಗಳು ಕೂಡುವ ತುಳಾಪುರ. ಆತನ ಮಗ ಶಾಹು ಇನ್ನೂ ಬಾಲಕ. ಆಗ ಸಂಭಾಜಿಯ ಪತ್ನಿ ಯೇಸೂಬಾಯಿಯು ಪುತ್ರವ್ಯಾಮೋಹವನ್ನು ಬದಿಗಿಟ್ಟು, ಹತ್ತೊಂಬತ್ತು ವರ್ಷದ ಮೈದುನ ರಾಜಾರಾಮನು ರಾಜ್ಯದ ಹೊಣೆ ಹೊತ್ತು ಹೊರಗೆ ಪಾರಾಗಬೇಕೆಂದು ನಿಶ್ಚಯಿಸಿದಳು. ತಾನು ಮಗನೊಡನೆ ರಾಯಗಡದಲ್ಲಿಯೇ ನಿಂತಳು. ಅದೇ ವರ್ಷದ ನವೆಂಬರಿನಲ್ಲಿ ರಾಯಗಡ ಮೊಗಲರ ವಶವಾಗಿ ತಾಯಿಮಗ ಇಬ್ಬರೂ ಸೆರೆಯಾದರು.

ಅಷ್ಟರಲ್ಲಿ ರಾಜಾರಾಮನು ಪ್ರತಾಪಗಡದ ಮಾರ್ಗವಾಗಿ ಪನ್ಹಾಳೆಯನ್ನು ಸೇರಿದ್ದನು. ಅಲ್ಲಿಯೂ ಮುತ್ತಿಗೆ ಬಿಗಿಯಾದುದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಪ್ರಹ್ಲಾದ ನಿರಾಜಿ, ಖಂಡೋ ಬಲ್ಲಾಳ ಮೊದಲಾದವರೊಂದಿಗೆ ಲಿಂಗಾಯತ ಯಾತ್ರಿಕರ ವೇಷವನ್ನು ಧರಿಸಿ ದಕ್ಷಿಣದ ಜಿಂಜಿಕೋಟೆಯತ್ತ ಹೊರಟನು. ಇಂದು ಮೀರಜ್ ಹುಬ್ಬಳ್ಳಿಗಳ ಮೂಲಕ ನಾವು ರಾತ್ರಿ ನಿದ್ರೆಯಲ್ಲಿ ಕಳೆಯುವ ದೂರವನ್ನು ಅವರು ಹಗಲು ಅಡಗಿ, ರಾತ್ರಿ ನಡೆದು, ದಾರಿದಾರಿಗೆ ಬೇರೆಬೇರೆಯಾಗಿ ಸಾಗಿದರು. ಈ ಪ್ರಯಾಣವನ್ನು ಕೇಶವ ಪಂಡಿತನು ಸಂಸ್ಕೃತದಲ್ಲಿ ರಾಜಾರಾಮಚರಿತವೆಂಬ ಕಾವ್ಯವಾಗಿ ರಚಿಸಿದ್ದಾನೆ. ತುಂಗಭದ್ರೆಯ ಒಂದು ನಡುಗಡ್ಡೆಯಲ್ಲಿ ಮೊಗಲ ಸರದಾರ ಸಯ್ಯದ್ ಅಬ್ದುಲ್ಲಾ ಖಾನನು ಇವರ ಮೇಲೆ ಎರಗಿದನು. ಹಲವರು ಸೆರೆಯಾದರು, ರಾಜಾರಾಮನು ಕೂದಲೆಳೆಯಷ್ಟರಲ್ಲಿ ಪಾರಾದನು. ಆ ನೆಲವು ಬಿದನೂರಿನ ರಾಣಿಯ ಸೀಮೆಗೆ ಸೇರಿದುದಾಗಿತ್ತು. ಆತನು ಆಶ್ರಯವನ್ನು ಬೇಡಿದ್ದು ಚೆನ್ನಮ್ಮಾಜಿಯನ್ನು.

ಬೇಡಿದ್ದು ಎಷ್ಟು ದೊಡ್ಡದೆಂಬುದನ್ನು ನಾವು ನಿಧಾನವಾಗಿ ಯೋಚಿಸಬೇಕು. ಎರಡು ಸುಲ್ತಾನಶಾಹಿಗಳನ್ನು ಎರಡು ವರ್ಷಗಳಲ್ಲಿ ಮುಗಿಸಿದ ಚಕ್ರವರ್ತಿಯು ಯಾರನ್ನು ಹುಡುಕುತ್ತಿದ್ದನೋ ಅಂಥವನನ್ನು ಬಚ್ಚಿಡುವುದೆಂದರೆ ಮಲೆನಾಡಿನ ಸಣ್ಣ ರಾಜ್ಯಕ್ಕೆ ಮೃತ್ಯುವನ್ನೇ ಆಹ್ವಾನಿಸಿದಂತೆ. ಹಿಡಿದುಕೊಟ್ಟಿದ್ದರೆ ದೆಹಲಿಯ ಕೃಪೆ ದೊರೆಯುತ್ತಿತ್ತು. ಅದೂ ಅಲ್ಲದೆ ಮರಾಠರಿಗೂ ಕೆಳದಿಗೂ ಹಳೆಯ ಸ್ನೇಹವೇನೂ ಇರಲಿಲ್ಲ. ೧೬೬೫ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ನೌಕಾಪಡೆಯೊಡನೆ ಬಂದು ಕೆಳದಿಯ ಸಂಪದ್ಭರಿತ ರೇವಾದ ಬಸರೂರನ್ನು ಸೂರೆಗೊಂಡಿದ್ದರು. ಆಗ ಆಳುತ್ತಿದ್ದವನು ಚೆನ್ನಮ್ಮಾಜಿಯ ಪತಿಯೇ. ಅನಂತರವೂ ಉಭಯರ ಸಂಬಂಧವು ಕಪ್ಪಕಾಣಿಕೆಗಳ ಲೆಕ್ಕದಲ್ಲಿ ನಡೆದುದುಂಟು. ತನ್ನ ಊರನ್ನು ಸೂರೆಗೊಂಡವರ ಮಗನು ಈಗ ತನ್ನ ಬಾಗಿಲಲ್ಲಿ ನಿಂತಿದ್ದಾನೆ. ಮಂತ್ರಿಗಳು ಬೇಡವೆಂದರೆಂದು ಪರಂಪರೆ ಹೇಳುತ್ತದೆ. ಹೇಳಿದ್ದರೆ ಅವರನ್ನು ದೂರುವಂತೆಯೂ ಇಲ್ಲ. ಪ್ರಜೆಗಳ ಕ್ಷೇಮವನ್ನು ಚಿಂತಿಸುವುದು ಮಂತ್ರಿಗಳ ಕರ್ತವ್ಯ.

ಶ್ರೀಮದ್ರಾಮಾಯಣದ ಯುದ್ಧಕಾಂಡದಲ್ಲಿ ಇಂಥದೇ ಒಂದು ಸಭೆ ಸೇರುತ್ತದೆ. ಶತ್ರುವಿನ ತಮ್ಮನಾದ ವಿಭೀಷಣನು ಆಕಾಶದಲ್ಲಿ ನಿಂತು ಶರಣು ಬೇಡಿದಾಗ ಸುಗ್ರೀವನೇ ಮೊದಲಾದವರು ಶಂಕಿಸಿದರು. ಅವರ ಶಂಕೆ ರಾಜನೀತಿಗೆ ಸಮ್ಮತವಾದುದೇ. ಆದರೆ ಶರಣು ಬಂದವನು ಯಾರ ಮಗ, ಯಾರ ತಮ್ಮನೆಂದು ಎಣಿಸದೆ ಅಭಯವೀಯುವುದನ್ನು ಶ್ರೀರಾಮನು ತನ್ನ ವ್ರತವೆಂದು ಭಾವಿಸಿದನು. ಪಾರಿವಾಳಕ್ಕಾಗಿ ತನ್ನ ಮಾಂಸವನ್ನೇ ತೂಗಿಕೊಟ್ಟ ಶಿಬಿಚಕ್ರವರ್ತಿಯ ಕಥೆಯೂ ಅದೇ ಧರ್ಮವನ್ನು ಹೇಳುತ್ತದೆ. ಈ ಕಥೆಗಳನ್ನು ಪುರಾಣಶ್ರವಣದಲ್ಲಿ ಕೇಳಿ ತಲೆದೂಗುವವರು ಲಕ್ಷಮಂದಿ. ತಮ್ಮ ಮನೆಬಾಗಿಲಿಗೆ ಅಂಥ ಗಳಿಗೆ ಬಂದಾಗ ಹಾಗೆ ನಡೆದುಕೊಳ್ಳುವವರು ಒಬ್ಬರೋ ಇಬ್ಬರೋ. ಚೆನ್ನಮ್ಮಾಜಿ ಆ ಒಬ್ಬರಲ್ಲಿ ಒಬ್ಬಳು. ತಾನೂ ಒಮ್ಮೆ ರಾಜಧಾನಿಯನ್ನು ಬಿಟ್ಟು, ಕಾಡುದಾರಿಯಲ್ಲಿ ಇನ್ನೊಂದು ದುರ್ಗಕ್ಕೆ ನಡೆದವಳಲ್ಲವೆ? ಕೋಟೆಯನ್ನು ಕಳೆದುಕೊಂಡು ಬಂದವನು ಸೋತವನಲ್ಲವೆಂಬುದು ಆಕೆಗೆ ಸ್ವಾನುಭವದಿಂದ ತಿಳಿದ ಮಾತು.

ರಾಣಿಯು ರಾಜಾರಾಮನಿಗೆ ಆಶ್ರಯವನ್ನಿತ್ತು, ತನ್ನ ಸೀಮೆಯನ್ನು ಸುರಕ್ಷಿತವಾಗಿ ದಾಟುವಂತೆ ಏರ್ಪಾಡು ಮಾಡಿದಳು. ಬೆಂಗಳೂರಿನಲ್ಲಿ ಮತ್ತೊಮ್ಮೆ ಸಂಶಯಕ್ಕೆ ಗುರಿಯಾದಾಗ ಖಂಡೋ ಬಲ್ಲಾಳನೇ ಮೊದಲಾದವರು ಹಿಂದೆ ನಿಂತು ಚಿತ್ರಹಿಂಸೆಯನ್ನು ಸಹಿಸಿ ಒಡೆಯನನ್ನು ಪಾರುಮಾಡಿದರೆಂದು ಮರಾಠಿ ಬಖರುಗಳು ವರ್ಣಿಸುತ್ತವೆ. ಅಕ್ಟೋಬರ್ ಕೊನೆಗೆ ವೆಲ್ಲೂರನ್ನೂ ನವೆಂಬರ್ ಆರಂಭದಲ್ಲಿ ಜಿಂಜಿಯನ್ನೂ ರಾಜಾರಾಮನು ಸೇರಿದನು.

ಮೊಗಲರೊಡನೆ ಕದನ

ಸುದ್ದಿ ಬಾದಶಹನ ಬಿಡಾರವನ್ನು ತಲುಪಿದಾಗ ಆತನ ಕೋಪವು ಬಿದನೂರಿನ ಕಡೆಗೆ ತಿರುಗಿದುದು ಆಶ್ಚರ್ಯವಲ್ಲ. ಜಾನ್ ನಿಸಾರ್ ಖಾನನೇ ಮೊದಲಾದ ಸರದಾರರ ಕೈಕೆಳಗೆ ಸೇನೆ ಹೊರಟಿತು. ಆದರೆ ಬಯಲುಸೀಮೆಯ ಯುದ್ಧಕ್ಕೆ ಒಗ್ಗಿದ ಕುದುರೆದಂಡು ಮಲೆನಾಡಿನಲ್ಲಿ ಏನು ಮಾಡಬಲ್ಲುದು? ಬಿದನೂರಿನ ಸುತ್ತ ಹರಿದಾರಿಗಟ್ಟಲೆ ಕಾಡು, ಕಣಿವೆ, ಹಳ್ಳಗಳು. ಒಳಬರುವ ದಾರಿಗಳಲ್ಲಿ ಕಾವಲುಬಾಗಿಲುಗಳು. ಹದಿನೆಂಟು ವರ್ಷಗಳ ಹಿಂದೆ ವಿಜಾಪುರದವರನ್ನು ತಡೆದದ್ದೂ ಈ ನೆಲವೇ. ರಾಣಿಯ ಸೈನಿಕರು ಈ ಹಾದಿಗಳಲ್ಲಿ ಹುಟ್ಟಿ ಬೆಳೆದವರು. ಇತ್ತ ಮರಾಠರೂ ಉಪಕಾರವನ್ನು ಮರೆಯಲಿಲ್ಲ. ಸಂತಾಜಿ ಘೋರ್ಪಡೆಯು ರಾಣಿಯ ನೆರವಿಗೆ ಬಂದು ಮೊಗಲ ಸೇನೆಯನ್ನು ಕಾಡಿದನು.

ಈ ಕದನದ ಪರಿಣಾಮವನ್ನು ಉಭಯ ಪಕ್ಷದವರೂ ತಮ್ಮ ತಮ್ಮ ರೀತಿಯಲ್ಲಿ ಬರೆದಿಟ್ಟಿದ್ದಾರೆ. ಕೆಳದಿಯವರ ಕಾವ್ಯವು ರಾಣಿಯ ವಿಜಯವನ್ನು ಹಾಡುತ್ತದೆ. ಮೊಗಲರ ಕಡೆಯ ಬರಹಗಳು ಆಕೆಯಿಂದ ಅಲ್ಪವಾದ ಕಾಣಿಕೆಯನ್ನು ಸ್ವೀಕರಿಸಿ ಪ್ರಕರಣವನ್ನು ಮುಗಿಸಿದುದಾಗಿ ಹೇಳುತ್ತವೆ. ಎರಡನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿಜಾಪುರ, ಗೋಲ್ಕೊಂಡಗಳನ್ನು ಅಳಿಸಿಹಾಕಿದ ಚಕ್ರವರ್ತಿಗೆ ಬಿದನೂರನ್ನು ಅಳಿಸಲಾಗಲಿಲ್ಲ. ಬೇಕಾದ ವ್ಯಕ್ತಿಯೂ ಕೈಗೆ ಸಿಗಲಿಲ್ಲ. ಕಾಣಿಕೆಯನ್ನು ಕೊಟ್ಟಿದ್ದರೆ ಅದರಿಂದ ರಾಣಿಗೆ ಕುಂದೇನೂ ಇಲ್ಲ. ಒಂದಿಷ್ಟು ಹಣ ಹೋದರೂ ಪ್ರಜೆಗಳ ಪ್ರಾಣ ಉಳಿಯಿತು, ಕೊಟ್ಟ ಮಾತೂ ಉಳಿಯಿತು.

ಒಂದು ಅಭಯದ ಫಲ

ಜಿಂಜಿಯ ಮುತ್ತಿಗೆಯಲ್ಲಿ ಮೊಗಲರು ಸುಮಾರು ಎಂಟು ವರ್ಷ ಸವೆಸಿದರು. ೧೬೯೮ರಲ್ಲಿ ಕೋಟೆ ಬಿದ್ದಾಗ ರಾಜಾರಾಮನು ಅಲ್ಲಿಂದ ಪಾರಾಗಿ ಮಹಾರಾಷ್ಟ್ರಕ್ಕೆ ಮರಳಿದ್ದನು. ಆ ಅವಧಿಯಲ್ಲಿ ಸಂತಾಜಿ, ಧನಾಜಿ, ರಾಮಚಂದ್ರಪಂತ ಅಮಾತ್ಯರಂಥವರು ಸಹ್ಯಾದ್ರಿಯಲ್ಲಿ ಹೋರಾಟವನ್ನು ಆರದಂತೆ ಕಾಯ್ದರು. ರಾಜಾರಾಮನು ಸಿಂಹಗಡದಲ್ಲಿ ತೀರಿಕೊಂಡ ಬಳಿಕ ಆತನ ಪತ್ನಿ ತಾರಾಬಾಯಿಯು ಏಳು ವರ್ಷ ಯುದ್ಧವನ್ನು ನಡೆಸಿದಳು. ೧೭೦೭ರಲ್ಲಿ ಔರಂಗಜೇಬನು ಅಹಮದನಗರದ ಬಳಿ ಮೃತನಾದಾಗ ಮರಾಠಿ ರಾಜ್ಯವು ಜೀವಂತವಾಗಿತ್ತು. ಪೇಶವೆಗಳ ಪುಣೆ, ಶನಿವಾರವಾಡೆ, ನಾವು ಇಂದು ಓಡಾಡುವ ಪೇಠೆಗಳು ಇವೆಲ್ಲ ಅದರ ಮುಂದಿನ ಕಥೆ. ೧೬೮೯ರಲ್ಲಿ ಆ ತರುಣನು ತುಂಗಭದ್ರೆಯ ಆಚೆ ಸೆರೆಯಾಗಿದ್ದರೆ ಈ ಇತಿಹಾಸವು ಬೇರೆಯೇ ಆಗುತ್ತಿತ್ತು. ರಾಯಗಡದಿಂದ ಕಳುಹಿಸಿಕೊಟ್ಟ ಯೇಸೂಬಾಯಿ, ಬಿದನೂರಿನಲ್ಲಿ ಕಾಯ್ದ ಚೆನ್ನಮ್ಮಾಜಿ, ಮುಂದೆ ಹೋರಾಡಿದ ತಾರಾಬಾಯಿ, ಈ ಮೂವರು ಸ್ತ್ರೀಯರ ಕೈಯಿಂದ ಕೈಗೆ ಆ ದೀಪವು ಸಾಗಿತು. ಮೂವರೂ ಪತಿಯನ್ನು ಕಳೆದುಕೊಂಡ ದುಃಖದ ನಡುವೆಯೇ ಈ ಕಾರ್ಯವನ್ನು ಮಾಡಿದವರು.

ಚೆನ್ನಮ್ಮಾಜಿಯು ೧೬೯೭ರ ಸುಮಾರಿಗೆ ಕಾಲವಶಳಾದಳು. ಬಿದನೂರಿನ ಕೊಪ್ಪಲುಮಠದಲ್ಲಿ ಆಕೆಯ ಸಮಾಧಿಯಿದೆ. ಪಟ್ಟಕ್ಕೆ ಬಂದ ದತ್ತುಪುತ್ರ ಬಸಪ್ಪ ನಾಯಕನು ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ಬೃಹದ್ಗ್ರಂಥವನ್ನು ೧೭೦೯ರಲ್ಲಿ ಪೂರೈಸಿದನು. ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳಲ್ಲಿ ರಾಜನೀತಿ, ಸಂಗೀತ, ಶಿಲ್ಪ, ವೈದ್ಯ, ಪಾಕ ಮುಂತಾದ ಅನೇಕ ಶಾಸ್ತ್ರಗಳನ್ನು ಒಳಗೊಂಡ ಈ ಗ್ರಂಥದಲ್ಲಿ ತನ್ನ ವಂಶದ ಚರಿತ್ರೆಯನ್ನೂ ಆತನು ಸೇರಿಸಿದ್ದಾನೆ. ಗ್ರಂಥದ ರೂಪವು ತಂದೆ ಮಗನಿಗೆ ಉಪದೇಶಿಸುವ ಸಂವಾದ. ಖಡ್ಗಗಳ ಸದ್ದಿನ ನಡುವೆ ಆ ತಾಯಿ ಬಾಲಕನಿಗೆ ಎಂಥ ವಿದ್ಯೆಯನ್ನು ಕೊಡಿಸಿದ್ದಳೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದು ಅದಕ್ಕೆ ತನ್ನ ಹೆಸರನ್ನಿಟ್ಟನು. ಆ ಊರು ಇಂದು ನಗರವೆಂಬ ಹೆಸರಿನಿಂದ ಹೊಸನಗರ ತಾಲೂಕಿನಲ್ಲಿದೆ. ಸಂಸ್ಥಾನ ಅಳಿಯಿತು, ಗ್ರಂಥ ಉಳಿಯಿತು.

ಶೌರ್ಯವೆಂದರೆ ಖಡ್ಗವನ್ನು ಹಿಡಿಯುವುದೊಂದೇ ಎಂದು ಮಕ್ಕಳು ತಿಳಿದಿರುತ್ತಾರೆ. ಯಾವಾಗ ಕೋಟೆಯನ್ನು ಬಿಟ್ಟು ಹೊರಡಬೇಕು, ಯಾವಾಗ ಕೋಟೆಯ ಬಾಗಿಲನ್ನು ತೆರೆಯಬೇಕು ಎಂಬ ವಿವೇಕವೂ ಶೌರ್ಯವೇ ಎಂಬುದನ್ನು ಈ ರಾಣಿಯ ಚರಿತ್ರೆಯಿಂದ ಅವರು ಕಲಿಯಬೇಕು. ಊರನ್ನು ಬಿಟ್ಟು ಬಂದು ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ, ಬಾಗಿಲು ತೆರೆದು ಒಳಗೆ ಕರೆದವರ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ. ಮುಂದಿನ ಸಲ ಸಿಂಹಗಡಕ್ಕೆ ಹೋದಾಗ ರಾಜಾರಾಮನ ಸಮಾಧಿಯ ಬಳಿ ಮಕ್ಕಳನ್ನು ನಿಲ್ಲಿಸಿ ಈ ಕಥೆಯನ್ನು ಹೇಳೋಣ. ಮರಾಠಿ ನೆಲದ ಆ ಅರಸನ ಉಸಿರಿನಲ್ಲಿ ಹನ್ನೊಂದು ವರ್ಷಗಳಷ್ಟು ಪಾಲು ಕನ್ನಡನಾಡಿನ ಒಬ್ಬ ತಾಯಿಯದೆಂದು ಅವರು ತಿಳಿಯಲಿ.